ನಂತೂರಿನ ಏರು, ಎರಡು ಸಲ

ಸೋದರಮಾವನ ಕಾರು ನಮ್ಮ ಮನೆಗೆ ಬಂದ ಬೆಳಿಗ್ಗೆ ನನ್ನ ಗಂಡ ಗೇಟಿನ ಒಂದೇ ಬಾಗಿಲು ತೆಗೆದರು. ಇನ್ನೊಂದನ್ನು ಗಟ್ಟಿಯಾಗಿ ಹಿಡಿದುಕೊಂಡು, ಹೊರಗೆ ಗುಡುಗುಡು ಎನ್ನುತ್ತ ನಿಂತಿದ್ದ ಕಾರನ್ನು ನೋಡಿ, "ಇದು ಒಳಗೆ ಬರ್ಬೇಕಾ?" ಎಂದು ಕೇಳಿದರು.

"ಮತ್ತೆಂತ, ರಸ್ತೆಯಲ್ಲೇ ಇಡುವುದಾ? ಇನ್ನೊಂದು ಬಾಗಿಲು ತೆಗೀರಿ ಮಾರಾಯ್ರೆ, ಇಂಜಿನ್ ಆಫ್ ಆದ್ರೆ ಪುನಃ ಸ್ಟಾರ್ಟ್ ಆಗ್ತದೋ ಇಲ್ವೋ!" ಎಂದು ನಾನು ಸ್ಟೀರಿಂಗಿನಲ್ಲಿ ಕೂತಲ್ಲಿಂದಲೇ ಕೂಗಿದೆ.

ನನಗೆ ಆಗ ಐವತ್ತಮೂರು ವರ್ಷ. ಮೂಲ್ಕಿಯ ಹತ್ತಿರದ ಮಾವನ ಮನೆಯಿಂದ ಮಣ್ಣಗುಡ್ಡದ ನಮ್ಮ ಮನೆಯವರೆಗೆ ಹೈವೇಯಲ್ಲಿ ನಾನೇ ಕಾರು ಬಿಟ್ಟುಕೊಂಡು ಬಂದಿದ್ದೆ. ಬೆನ್ನು ಪೂರ್ತಿ ಬೆವರಿತ್ತು, ಕೂದಲು ಬಿಚ್ಚಿಹೋಗಿತ್ತು, ಭುಜ ನೋಯುತ್ತಿತ್ತು. ಆದರೆ ಬಾಯಿ ತುಂಬ ನಗು. ಬ್ಯಾಂಕಿನಲ್ಲಿ ದಿನವಿಡೀ ಗಂಭೀರವಾಗಿ ಕೂರುವ ನನ್ನನ್ನು ನೋಡಿದವರು ಆ ಬೆಳಿಗ್ಗೆ ನೋಡಿದ್ದರೆ ಗುರುತು ಹಿಡಿಯುತ್ತಿರಲಿಲ್ಲ.

ಕಾರು ಹಾಲಿನ ಕೆನೆಯ ಬಣ್ಣದ್ದು, ನನಗಿಂತ ಎರಡು ವರ್ಷ ಚಿಕ್ಕದು. ಒಂದು ಕಾಲದಲ್ಲಿ ಬೊಂಬಾಯಿಯ ಕಪ್ಪು-ಹಳದಿ ಟ್ಯಾಕ್ಸಿಗಳೆಲ್ಲ ಇದೇ ಜಾತಿಯವು. ಅಲ್ಲಿ ಹೋಟೆಲು ನಡೆಸುತ್ತಿದ್ದ ಮಾವ ಊರಿಗೆ ವಾಪಸು ಬರುವಾಗ ತಂದದ್ದು. ಮುಂದಿನ ಸೀಟು ಸೋಫಾದಂತೆ ಉದ್ದಕ್ಕೆ ಒಂದೇ. ಗೇರಿನ ಹಿಡಿ ಕೆಳಗೆ ನೆಲದಲ್ಲಿ ಇಲ್ಲ, ಸ್ಟೀರಿಂಗಿನ ಕುತ್ತಿಗೆಯಲ್ಲಿ ಉಂಟು. ನನಗೆ ಹದಿನೆಂಟು ತುಂಬಿದ ವಾರವೇ ಮಾವ ಇದರಲ್ಲಿ ಕೂರಿಸಿ ಕಲಿಸಿದ್ದರು. ಕಣ್ಣಿನ ಪೊರೆ ತೆಗೆಸಿದ ಮೇಲೂ ಅವರ ದೃಷ್ಟಿ ಸರಿಹೋಗಲಿಲ್ಲ, ಕಾರು ಬಿಡುವುದು ನಿಲ್ಲಿಸಿದರು. ಮಾವನದ್ದು ಅಕ್ಕತಂಗಿಯರ ಮಕ್ಕಳಿಗೆ ಬರುವುದು ನಮ್ಮಲ್ಲಿ ಹಳೆಯ ಕ್ರಮ. ಗದ್ದೆ, ತೋಟ ಎಲ್ಲ ಯಾವತ್ತೋ ಪಾಲಾಗಿ ಹೋಗಿದ್ದವು. ನನ್ನ ಪಾಲಿಗೆ ಕಾರು ಬಂತು. ಗದ್ದೆ ಬಂದಿದ್ದರೆ ಇಷ್ಟು ಕುಣಿಯುತ್ತಿದ್ದೆನೋ ಇಲ್ಲವೋ!

ನನ್ನ ಗಂಡ ದೇವಸ್ಥಾನದ ಪೂಜೆಯ ಮನೆಯವರು. ತಂದೆ, ದೊಡ್ಡಪ್ಪ, ಅಣ್ಣ ಎಲ್ಲ ಅರ್ಚಕರು. ಇವರು ಮಾತ್ರ ಓದಿ ಕಾಲೇಜೊಂದರ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆದರು. ನನ್ನದು ಮೀನು ಬೇಯುವ ಮನೆ. ನಮ್ಮಿಬ್ಬರ ಮದುವೆಗೆ ಆಗ ಎಷ್ಟು ಗಲಾಟೆ ಆಗಿರಬಹುದು ಎಂಬುದನ್ನು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರದೂ ತುಳುವೇ, ಆದರೆ ಅವರ ಮನೆಯ ತುಳು ಬೇರೆ, ನಮ್ಮದು ಬೇರೆ. ಕಾಲೇಜಿನಲ್ಲಿ ಪರಿಚಯವಾದದ್ದು ಕನ್ನಡದಲ್ಲಿ, ಹಾಗಾಗಿ ಮನೆಯಲ್ಲೂ ಕನ್ನಡವೇ ಉಳಿಯಿತು. ಸಿಟ್ಟು ಬಂದಾಗ, ತೀರಾ ಖುಷಿಯಾದಾಗ ಅವರವರ ತುಳು ಹೊರಗೆ ಬರುತ್ತದೆ. ಊಟದ ವಿಷಯದಲ್ಲೂ ಅಂಥದ್ದೇ ಒಪ್ಪಂದ. ಒಳಗಿನ ಅಡುಗೆಮನೆ ಇಬ್ಬರದು, ಹಿತ್ತಲಿನ ಒಲೆ ನನ್ನ ಮೀನಿನದು.

ಅವರ ಸಣ್ಣ ಬಿಳಿ ಕಾರಿಗೆ ಗೇರೇ ಇಲ್ಲ, ಆಟೋಮ್ಯಾಟಿಕ್. ಅದನ್ನು ಅವರು ಶಬ್ದವಿಲ್ಲದೆ ಬಿಡುತ್ತಾರೆ, ಶಬ್ದವಿಲ್ಲದೆ ನಿಲ್ಲಿಸುತ್ತಾರೆ. ಹಾರ್ನ್ ಹಾಕಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕಾರು ಎಂದರೆ ಅವರಿಗೆ ಕಚೇರಿ ಮುಟ್ಟಿಸುವ ಒಂದು ಸಾಧನ. ಅದನ್ನು ಪ್ರೀತಿ ಮಾಡುವುದು ಎಂದರೆ ಮಿಕ್ಸಿಯನ್ನು ಪ್ರೀತಿ ಮಾಡಿದ ಹಾಗೆ.

"ನೀವೂ ಒಮ್ಮೆ ಬಿಟ್ಟು ನೋಡಿ," ಎಂದೆ ನಾನು ಮೊದಲನೆಯ ಭಾನುವಾರವೇ.

"ನಿನಗೆ ಖುಷಿ ಉಂಟಲ್ಲ, ನೀನು ಬಿಡು. ನನಗೆ ಎಂತಕ್ಕೆ?"

"ಇಬ್ಬರೂ ಬಿಟ್ರೆ ಇನ್ನೂ ಖುಷಿ."

"ನನಗೆ ಕೂತುಕೊಳ್ಳುವುದರಲ್ಲೇ ಖುಷಿ," ಎಂದು ಅವರು ಹೇಳಿದರು. ಹಾಗೆಂದವರು ಕೂತದ್ದಾದರೂ ಹೇಗೆ? ಒಂದು ಕೈ ಡ್ಯಾಶ್‌ಬೋರ್ಡಿನ ಮೇಲೆ, ಇನ್ನೊಂದು ಬಾಗಿಲಿನ ಹಿಡಿಯ ಮೇಲೆ. ರಸ್ತೆಬದಿಯ ಜನ ತಿರುಗಿ ನೋಡಿದಾಗಲೆಲ್ಲ ಇವರು ಕಾಲ ಬಳಿ ಏನೋ ಬಿದ್ದದ್ದನ್ನು ಹುಡುಕುವವರಂತೆ ಬಗ್ಗುತ್ತಿದ್ದರು.

ನಾನು ಬಿಡುವವಳಲ್ಲ. ಮಳೆ ನಿಂತ ಮೇಲೆ ಒಂದು ರಜಾದಿನ ಅವರನ್ನು ಖಾಲಿ ಮೈದಾನವೊಂದಕ್ಕೆ ಕರೆದುಕೊಂಡು ಹೋಗಿ ಸ್ಟೀರಿಂಗಿನಲ್ಲಿ ಕೂರಿಸಿದೆ. "ನಿಮ್ಮ ಕಡೆಗೆ ಎಳೆದು ಮೇಲಕ್ಕೆ, ಅದು ಒಂದು. ಹಾಗೆಯೇ ಕೆಳಕ್ಕೆ, ಎರಡು. ಸಡಿಲ ಬಿಟ್ಟು ಮೇಲಕ್ಕೆ, ಮೂರು. ಕೆಳಕ್ಕೆ, ನಾಲ್ಕು. ಅಷ್ಟೇ!" ಅವರು ಕ್ಲಚ್ ಬಿಟ್ಟರು. ಕಾರು ಕಪ್ಪೆಯಂತೆ ಹಾರಿ ನಿಂತಿತು. "ನಿಧಾನ! ಕ್ಲಚ್ ನಿಧಾನ!" ಪುನಃ ಹಾರಿ ನಿಂತಿತು. "ಎಕ್ಸಿಲೇಟರ್ ಕೊಡಿ ಮಾರಾಯ್ರೆ! ಅಷ್ಟಲ್ಲ! ಅಯ್ಯೋ, ಅದು ಮೂರನೆಯದು!" ಮೈದಾನದ ಮೂಲೆಯಲ್ಲಿ ವಾಕಿಂಗ್ ಮಾಡುತ್ತಿದ್ದ ಇಬ್ಬರು ಹೆಂಗಸರು ನಿಂತು ನೋಡತೊಡಗಿದರು. ಏಳನೆಯದೋ ಎಂಟನೆಯದೋ ಸಲ ಇಂಜಿನ್ ಆಫ್ ಆದಾಗ ಇವರು ಕೀಲಿ ತೆಗೆದು ನನ್ನ ಕೈಗೆ ಕೊಟ್ಟು, ಬಾಗಿಲನ್ನು ಬಹಳ ಮೆಲ್ಲಗೆ ಮುಚ್ಚಿ, ರಸ್ತೆಗೆ ಹೋಗಿ ರಿಕ್ಷಾ ಹಿಡಿದು ಮನೆಗೆ ಹೋದರು.

ಸಿಟ್ಟಿನಲ್ಲೂ ಬಾಗಿಲು ಮೆಲ್ಲಗೆ ಮುಚ್ಚುವ ಮನುಷ್ಯನ ಜೊತೆ ಜಗಳ ಮಾಡುವುದು ಹೇಗೆ?

ಇಲ್ಲಿ ಒಂದು ಹಳೆಯ ಕಥೆ ಹೇಳಬೇಕು. ನಮ್ಮ ಮದುವೆಯಾದ ಮರುವರ್ಷ ಅವರ ಸ್ನೇಹಿತರೊಬ್ಬರ ಕಾರು ಕೇಳಿ ತಂದು, ಪಂಪ್‌ವೆಲ್ ಕಡೆಯಿಂದ ನಂತೂರಿಗೆ ಏರಿ ಬರುತ್ತಿದ್ದೆವು. ಇವರೇ ಬಿಡುತ್ತಿದ್ದರು. ಏರಿನ ಮಧ್ಯೆ ಮುಂದಿನ ಲಾರಿ ನಿಂತಿತು, ಇವರೂ ನಿಲ್ಲಿಸಿದರು. ಪುನಃ ಹೊರಡುವಾಗ ಕಾರು ಮುಂದೆ ಹೋಗುವ ಬದಲು ಹಿಂದೆ ಹಿಂದೆ ಜಾರಿ ಬಸ್ಸೊಂದರ ಬಂಪರಿಗೆ ತಾಗಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಬಸ್ಸಿನ ಜನವೆಲ್ಲ ಕಿಟಕಿಯಿಂದ ತಲೆ ಹೊರಹಾಕಿದರು. ಎರಡನೆಯ ಸಲವೂ ಜಾರಿದಾಗ ಕಂಡಕ್ಟರ್ ಇಳಿದು ಬಂದು, "ಅಕ್ಕ, ನೀವಾದ್ರೂ ಬಿಡ್ತೀರಾ?" ಎಂದು ತಮಾಷೆಗೆ ಕೇಳಿದ. ನಾನು ತಮಾಷೆ ಮಾಡಲಿಲ್ಲ. ಇಳಿದು ಆಚೆ ಬದಿಗೆ ಹೋಗಿ ಇವರನ್ನು ಪಕ್ಕಕ್ಕೆ ಸರಿಸಿ, ಒಂದೇ ಏಟಿಗೆ ಕಾರನ್ನು ಮೇಲೆ ಹತ್ತಿಸಿದೆ. ಬಸ್ಸಿನವರು ಚಪ್ಪಾಳೆ ಹೊಡೆದರು! ಈ ಕಥೆಯನ್ನು ನಾನು ಅದೆಷ್ಟು ಮದುವೆಮನೆಗಳಲ್ಲಿ ಹೇಳಿದ್ದೇನೋ. ಹೇಳುವಾಗೆಲ್ಲ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಇವರೂ ಪಕ್ಕದಲ್ಲಿ ಕೂತು ಮುಗುಳ್ನಗುತ್ತಿದ್ದರು. ಆಟೋಮ್ಯಾಟಿಕ್ ಬಂದ ಮೇಲೂ ಅವರು ಆ ದಾರಿಯನ್ನು ತಪ್ಪಿಸಿ ಸುತ್ತುಬಳಸಿ ಹೋಗುತ್ತಿದ್ದದ್ದು ನನಗೆ ಗೊತ್ತಿತ್ತು. ಟ್ರಾಫಿಕ್ ಎಂದು ಅವರು ಹೇಳುತ್ತಿದ್ದರು, ನಾನು ನಂಬುತ್ತಿದ್ದೆ.

ಮೈದಾನದ ಘಟನೆಯ ಮೇಲೆ ನಾನು ಅವರನ್ನು ಕೇಳುವುದು ಬಿಟ್ಟೆ. ಆಮೇಲೆ ಒಂದು ಶನಿವಾರ ಕಾರು ತೊಳೆಯುವಾಗ ಸಾಬೂನಿನ ನೀರಿನಲ್ಲಿ ಕಾಲು ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡೆ.

ಆರು ವಾರ ಪ್ಲಾಸ್ಟರ್! ಬ್ಯಾಂಕಿಗೆ ರಜೆ. ಚಮಚದಲ್ಲಿ ಎಡಗೈಯಿಂದ ಊಟ. ಇವರು ಸಾರು, ಪಲ್ಯ, ಮಜ್ಜಿಗೆಹುಳಿ ಎಲ್ಲ ಚೆನ್ನಾಗಿಯೇ ಮಾಡಿ ಹಾಕಿದರು, ನನ್ನ ಜಡೆಯನ್ನೂ ಹಾಕಿದರು. ಒಂದು ಸಲವೂ "ನಿನ್ನ ಕಾರಿನಿಂದ ಆದದ್ದು" ಎನ್ನಲಿಲ್ಲ. ಆದರೆ ಕಾರಿನ ಕಡೆ ನೋಡುವಾಗ ಅವರ ಮುಖ ಮನೆಗೆ ಬಂದು ಹೋಗದೆ ಕೂತ ನೆಂಟರನ್ನು ನೋಡುವ ಹಾಗೆ ಇರುತ್ತಿತ್ತು.

ಹತ್ತು ದಿನ ಕಳೆದ ಮೇಲೆ ಬಂದರಿನ ಗ್ಯಾರೇಜಿನ ಮೇಸ್ತ್ರಿ ಫೋನ್ ಮಾಡಿದರು. ಮಾವನ ಕಾಲದಿಂದಲೂ ಆ ಕಾರಿನ ಹೊಟ್ಟೆಯೊಳಗಿನದೆಲ್ಲ ತಿಳಿದ ಮುದುಕ. ನನ್ನ ಕೈ ವಿಷಯ ಕೇಳಿ ಮರುಗಿದರು. ಆಮೇಲೆ ನಿಜವಾದ ಚಿಂತೆಗೆ ಬಂದರು. "ಅಕ್ಕ, ಗಾಡಿ ಹಾಗೇ ನಿಲ್ಲಿಸಿ ಇಡಬೇಡಿ. ಬ್ಯಾಟರಿ ಕೂತು ಹೋಗ್ತದೆ, ಕಾರ್ಬುರೇಟರ್ ಜಾಮ್ ಆಗ್ತದೆ. ಸರ್ ಹತ್ರ ಹೇಳಿ, ದಿನಾ ಬೆಳಿಗ್ಗೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಟ್ರೆ ಸಾಕು."

ಫೋನ್ ಸ್ಪೀಕರಿನಲ್ಲಿತ್ತು. ಇವರು ತೊಗರಿಬೇಳೆ ತೊಳೆಯುತ್ತ ಕೇಳಿಸಿಕೊಂಡರು.

"ಸ್ಟಾರ್ಟ್ ಮಾತ್ರವಾ?" ಎಂದರು.

"ಸ್ಟಾರ್ಟ್ ಮಾತ್ರ," ಎಂದೆ.

"ಎಷ್ಟು ಗಂಟೆಗೆ?"

ಆ ಪ್ರಶ್ನೆ ಕೇಳಿ ನನಗೆ ನಗು ಬಂತು, ಆದರೆ ತಡೆದುಕೊಂಡೆ. ಇವರಿಗೆ ಖುಷಿಗಾಗಿ ಏನನ್ನೂ ಮಾಡಿಸಲು ಸಾಧ್ಯವಿಲ್ಲ, ನಿತ್ಯದ ಕೆಲಸ ಎಂದರೆ ಮಾತ್ರ ತಪ್ಪಿಸುವವರಲ್ಲ. ಮರುದಿನದಿಂದ ಸ್ನಾನ, ಸಂಧ್ಯಾವಂದನೆ ಮುಗಿಸಿ, ಹಣೆಗೆ ಗಂಧ ಇಟ್ಟುಕೊಂಡು ನೇರವಾಗಿ ಕಾರಿಗೆ ಹೋಗತೊಡಗಿದರು. ಪಂಚೆ ಮೇಲೆ ಕಟ್ಟಿ ಕೂತು, ಚೋಕ್ ಎಳೆದು, ಕೀಲಿ ತಿರುಗಿಸಿ, ಇಂಜಿನ್ ಹಿಡಿದ ಕೂಡಲೇ ಚೋಕನ್ನು ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳಿ, ಹತ್ತು ನಿಮಿಷ ನೆಟ್ಟಗೆ ಕೂತಿರುತ್ತಿದ್ದರು. ಹನ್ನೊಂದನೆಯ ನಿಮಿಷಕ್ಕೆ ಒಳಗೆ ಬಂದು ಕಾಫಿ ಸೋಸುತ್ತಿದ್ದರು.

ಒಂದು ವಾರವಾದ ಮೇಲೆ ಕಾಫಿ ಕೊಡುತ್ತ, "ಚಳಿ ಇದ್ದ ದಿವಸ ಅದರ ಸ್ವರ ಬೇರೆ," ಎಂದರು.

ನಾನು ಕಾಫಿ ಲೋಟದಲ್ಲಿ ಮುಖ ಮುಚ್ಚಿಕೊಂಡೆ. ಏನಾದರೂ ಹೇಳಿದರೆ ಕೆಟ್ಟುಹೋದೀತು ಎಂಬ ಹೆದರಿಕೆ. ಆದರೆ ಎದೆಯೊಳಗೆ ಡೋಲು ಬಡಿದ ಹಾಗೆ!

ಮತ್ತೆರಡು ದಿನದಲ್ಲಿ ಟೈರು ಒಂದೇ ಕಡೆ ಭಾರ ಬಿಟ್ಟರೆ ಹಾಳಾಗುತ್ತದೆ ಎಂದು ತಾವೇ ಕಂಡುಹಿಡಿದು, ಕಾರನ್ನು ಒಂದು ಮೊಳ ಮುಂದೆ, ಒಂದು ಮೊಳ ಹಿಂದೆ ಮಾಡಿದರು. ನಮ್ಮ ಗೇಟಿನಿಂದ ಪೋರ್ಟಿಕೋಗೆ ಸ್ವಲ್ಪ ಏರು ಉಂಟು. ಆ ಮೊಳ ಬೆಳೆದು ಬೆಳೆದು ಗೇಟಿನವರೆಗೆ ಇಳಿಯುವುದು, ಅಲ್ಲಿ ನಿಲ್ಲಿಸುವುದು, ಪುನಃ ಹತ್ತಿಸಿ ತರುವುದು ಎಂದಾಯಿತು. ಮೊದಮೊದಲು ಆಫ್ ಆಗುತ್ತಿತ್ತು. ಪ್ರತಿ ಸಲ ಆಫ್ ಆದಾಗಲೂ ನನ್ನ ನಾಲಿಗೆಯ ತುದಿಯವರೆಗೆ "ಕ್ಲಚ್!" ಎಂಬ ಮಾತು ಬಂದು ನಿಲ್ಲುತ್ತಿತ್ತು. ಕಿಟಕಿಯ ಪರದೆ ಎಳೆದು ಒಳಗೆ ಹೋಗುತ್ತಿದ್ದೆ. ಹತ್ತು ನಿಮಿಷ ಇದ್ದದ್ದು ಅರ್ಧ ಗಂಟೆಯಾಯಿತು. ಪಕ್ಕದ ಮನೆಯವರು ಯಾರು ಹೊಸದಾಗಿ ಕಲಿಯುತ್ತಿದ್ದಾರೆ ಎಂದು ಕೇಳಿದಾಗ, "ಬ್ಯಾಟರಿಗೋಸ್ಕರ," ಎಂದಷ್ಟೇ ಹೇಳಿದೆ.

ಒಂದು ಸಂಜೆ ಬಟ್ಟೆ ತೆಗೆಯಲು ಹೊರಗೆ ಹೋದರೆ, ಇಂಜಿನ್ ಬಂದ್ ಇದೆ, ಇವರು ಒಳಗೆ ಕಣ್ಣು ಮುಚ್ಚಿ ಕೂತು ಗೇರಿನ ಹಿಡಿಯನ್ನು ಮೇಲೆ ಕೆಳಗೆ ಮಾಡುತ್ತಿದ್ದಾರೆ. ತುಟಿ ಅಲ್ಲಾಡುತ್ತಿತ್ತು.

"ಎಂತ, ಮಂತ್ರವಾ?"

ಕಣ್ಣು ತೆರೆಯದೆಯೇ, "ಗೇರು," ಎಂದರು.

ನಾಲ್ಕು ವಾರ ಕಳೆಯಿತು. ನನಗೆ ಮೀನಿಲ್ಲದೆ ಜೀವ ಹೋಗುವ ಹಾಗಾಗಿತ್ತು. ಹಿತ್ತಲಿನ ಒಲೆ ಉರಿಸಿಯೇ ತಿಂಗಳಾಗಿತ್ತು. ಒಂದು ಶನಿವಾರ ಬೆಳಿಗ್ಗೆ ನಾನು, "ರಿಕ್ಷಾದಲ್ಲಿ ಬಂದರಿಗೆ ಹೋಗಿ ಬೂತಾಯಿ ತರ್ತೇನೆ. ಮಾರುವವರೇ ಕೆರೆದು ಕೊಡ್ತಾರೆ, ಎಡಗೈಯಲ್ಲಿ ಹೇಗಾದ್ರೂ ಬೇಯಿಸ್ತೇನೆ," ಎಂದೆ.

ಇವರು ಪೇಪರಿನಿಂದ ತಲೆ ಎತ್ತಲಿಲ್ಲ. "ರಿಕ್ಷಾ ಎಂತಕ್ಕೆ? ಮೇಸ್ತ್ರಿಗೆ ಒಮ್ಮೆ ಗಾಡಿ ತೋರಿಸಬೇಕು ಅಂತ ಇದ್ದೆ. ಐಡ್ಲಿಂಗ್ ಸ್ವಲ್ಪ ಹೆಚ್ಚು ಉಂಟು."

ಐಡ್ಲಿಂಗ್! ನನ್ನ ಗಂಡನ ಬಾಯಲ್ಲಿ! ನಾನು ಚಪ್ಪಲಿ ಹುಡುಕಲು ಓಡಿದೆ.

ಮಣ್ಣಗುಡ್ಡದಿಂದ ಬಂದರಿಗೆ ದೂರವೇನಿಲ್ಲ, ಹೆಚ್ಚಿನದು ಇಳಿಜಾರು. ಆದರೂ ಆ ಬೆಳಿಗ್ಗೆ ಅದು ದೊಡ್ಡ ಯಾತ್ರೆಯಾಗಿತ್ತು. ಇವರು ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಕೂತಿದ್ದರು. ನಾನು ಪ್ಲಾಸ್ಟರಿನ ಕೈಯನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಎರಡನೆಯ ಗೇರು ಬಿದ್ದಾಗ ಒಂದು ಸಣ್ಣ ಕಿರ್ ಎಂಬ ಸದ್ದು. ಮೂರನೆಯದು ಬೆಣ್ಣೆಯ ಹಾಗೆ ಬಿತ್ತು. "ಬಿತ್ತು," ಎಂದು ತಮಗೆ ತಾವೇ ಹೇಳಿಕೊಂಡರು. ಬಾಗಿಲ ಮೂಲೆಯ ತ್ರಿಕೋನದ ಗಾಜನ್ನು ತಿರುಗಿಸಿದೆ. ಗಾಳಿ ಮುಖಕ್ಕೆ ಬಡಿಯಿತು.

ಬಂದರಿನಲ್ಲಿ ಎಂದಿನ ರಗಳೆ. ಗೋದಾಮುಗಳ ಮುಂದೆ ಲಾರಿಗಳು, ಕೈಗಾಡಿಗಳು, ತಲೆಯ ಮೇಲೆ ಮೂಟೆ ಹೊತ್ತವರು, ಒಣಮೆಣಸಿನ ಘಾಟು, ಮೀನಿನ ನೀರು. ಇಂಥ ಕಡೆ ಇವರ ಬಿಳಿ ಕಾರಿಗೆ ಯಾರೂ ಜಾಗ ಬಿಡುವುದಿಲ್ಲ. ಈ ಕಾರಿಗೆ ಎದುರಿನ ಐಸ್ ಲಾರಿಯವನೇ ಹಿಂದೆ ತೆಗೆದುಕೊಂಡ! ದಾಟುವಾಗ ಹಣೆಗೆ ಕೈ ಹಚ್ಚಿ ಸಲಾಮು ಹೊಡೆದ. ಇವರು ಗಾಬರಿಯಾಗಿ ತಾವೂ ಕೈ ಎತ್ತಿದರು.

ಅಕ್ಕಿ ಗೋದಾಮೊಂದರ ಮುಂದೆ ಕುರ್ಚಿ ಹಾಕಿ ಕೂತಿದ್ದ ಮುದುಕ ವ್ಯಾಪಾರಿಯೊಬ್ಬರು ಎದ್ದು ಬಂದು ಬಾನೆಟ್ಟನ್ನು ಸವರಿದರು. "ಯಾವ ಇಸವಿದು ಇದು? ಗೇರು ಇಲ್ಲೇ ಅಲ್ವಾ, ಕೈಯ ಹತ್ರ? ನನ್ನ ಮದುವೆಯ ದಿಬ್ಬಣ ಇದರಲ್ಲೇ ಹೋದದ್ದು!" ನಾನು ಉತ್ತರ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಇವರೇ ಶುರು ಮಾಡಿದರು. ಇಸವಿ, ಇಂಜಿನ್, ಚೋಕು ಎಷ್ಟು ಎಳೆಯಬೇಕು, ಚಳಿಗೆ ಸ್ವರ ಹೇಗೆ ಬದಲಾಗುತ್ತದೆ, ಎಲ್ಲ. ಜನ ತಿರುಗಿ ನೋಡಿದರೆ ಬಗ್ಗಿ ಕೂರುತ್ತಿದ್ದ ಮನುಷ್ಯ! ಹಿಂದೆ ಎರಡು ರಿಕ್ಷಾಗಳು ಹಾರ್ನ್ ಹೊಡೆಯತೊಡಗಿದ ಮೇಲೆಯೇ ಮಾತು ನಿಂತದ್ದು.

ಮೀನು ಮಾರುವ ಹೆಂಗಸು ನನ್ನ ಕೈ ನೋಡಿ, "ಅಯ್ಯೋ ಅಕ್ಕ, ಇದೆಂತ ಅವಸ್ಥೆ!" ಎಂದು ಎರಡು ಮೀನು ಹೆಚ್ಚೇ ಹಾಕಿದಳು. ಬೂತಾಯಿ, ಸ್ವಲ್ಪ ಕಾಣೆ ಮೀನು. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ತುಂಬಿಸಿ ತಾನೇ ಹೊತ್ತು ತಂದು, ಕಾರಿನ ಬಳಿ ನಿಂತಿದ್ದ ಇವರನ್ನು ಮೇಲಿಂದ ಕೆಳಗೆ ನೋಡಿದಳು. ಹಣೆಯ ಗಂಧ ಇನ್ನೂ ಮಾಸಿರಲಿಲ್ಲ.

"ಅಣ್ಣ, ಡಿಕ್ಕಿ ತೆಗೆಯಿರಿ," ಎಂದಳು, ಸ್ವಲ್ಪ ಅಳುಕಿನಿಂದಲೇ.

ಇವರು ತೆಗೆದರು. ಪೆಟ್ಟಿಗೆ ಅಲ್ಲಾಡದ ಹಾಗೆ ಸ್ಟೆಪ್ನಿಗೆ ಆನಿಸಿ ಇಡುವುದನ್ನೂ ತೋರಿಸಿಕೊಟ್ಟರು. ಇಪ್ಪತ್ತಾರು ವರ್ಷಗಳ ಸಂಸಾರದಲ್ಲಿ ನನ್ನ ಮೀನಿಗೆ ಅವರು ಮಾಡಿಕೊಟ್ಟ ಮೊದಲ ಜಾಗ ಅದು.

ಗ್ಯಾರೇಜಿನಲ್ಲಿ ಮೇಸ್ತ್ರಿ ಕಿವಿಯಿಟ್ಟು ಕೇಳಿ, ಒಂದು ಸ್ಕ್ರೂ ಕಾಲು ಸುತ್ತು ತಿರುಗಿಸಿದರು. "ಗಾಡಿ ಒಳ್ಳೇದುಂಟು. ಆದ್ರೆ ಸರ್, ಪೋರ್ಟಿಕೋದಲ್ಲಿ ಸ್ಟಾರ್ಟ್ ಮಾಡಿ ಮಾಡಿ ಒಳಗೆ ಮಸಿ ಕಟ್ಟಿದೆ. ಒಮ್ಮೆ ಹೈವೇಗೆ ಹಾಕಿ ಎಳೆಯಿರಿ. ಹೀಗೆ ಪಂಪ್‌ವೆಲ್‌ಗೆ ಹೋಗಿ ನಂತೂರು ಹತ್ತಿಸಿ, ಕದ್ರಿ ಮೇಲಿಂದ ಮನೆಗೆ ಹೋಗಿ. ಕ್ಲೀನ್ ಆಗ್ತದೆ."

ನಾನು ಇವರ ಮುಖ ನೋಡಿದೆ. ಇವರು ನೆಲ ನೋಡುತ್ತಿದ್ದರು.

"ಬೇಡ, ಡಿಕ್ಕಿಯಲ್ಲಿ ಮೀನುಂಟು. ಬಂದ ದಾರಿಯಲ್ಲೇ ಹೋಗುವಾ," ಎಂದೆ ನಾನು.

"ಐಸ್ ಉಂಟಲ್ಲ," ಎಂದು ಅವರು ಕಾರು ಹತ್ತಿದರು.

ಪಂಪ್‌ವೆಲ್‌ ಮುಟ್ಟಿದೆವು. ಫ್ಲೈಓವರ್ ಬಳಿ ಎಡಕ್ಕೆ ತಿರುಗಿ ಏರು ಶುರುವಾದಾಗ ಇವರು ಮೂರನೆಯ ಗೇರಿಗೆ ಇಳಿಸಿದರು. ಮುಂದೆ ಮರಳಿನ ಟಿಪ್ಪರ್, ಹಿಂದೆ ಒಂದು ಉದ್ದದ ಗ್ಯಾಸ್ ಟ್ಯಾಂಕರ್. ಕಾರು ಚೆನ್ನಾಗಿಯೇ ಎಳೆಯುತ್ತಿತ್ತು. ಇನ್ನೇನು ಮೇಲೆ ಮುಟ್ಟಿದೆವು ಎನ್ನುವಾಗ ನಂತೂರು ಸರ್ಕಲ್ಲಿನಲ್ಲಿ ಪೊಲೀಸ್ ಕೈ ಅಡ್ಡ ಹಿಡಿದ. ಟಿಪ್ಪರಿನ ಬ್ರೇಕ್ ಲೈಟು ಕೆಂಪಾಯಿತು. ನಾವೂ ನಿಂತೆವು. ಸರಿಯಾಗಿ ಏರಿನಲ್ಲೇ.

ಹಿಂದಿನ ಟ್ಯಾಂಕರ್ ಉಸ್ಸೆಂದು ಬಂದು ನಮ್ಮ ಬೆನ್ನಿಗೇ ನಿಂತಿತು. ಕನ್ನಡಿಯ ತುಂಬ ಅದರ ಮೂತಿ. ಇವರು ಡ್ಯಾಶ್‌ಬೋರ್ಡಿನ ಕೆಳಗಿನ ಹ್ಯಾಂಡ್‌ಬ್ರೇಕ್ ಎಳೆದರು. ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಾಣುತ್ತಿತ್ತು. ನನ್ನ ಬಲಗೈ, ಆ ಬ್ರೇಕಿಗೂ ಗೇರಿಗೂ ಹತ್ತಿರದ ಕೈ, ಪ್ಲಾಸ್ಟರಿನೊಳಗೆ ಕಲ್ಲಿನ ಹಾಗೆ ಬಿದ್ದಿತ್ತು. ಇಳಿದು ಆಚೆ ಬದಿಗೆ ಹೋಗಿ ಕೂರುವ ಹಾಗೂ ಇಲ್ಲ. ಈ ಸಲ ನಾನು ಯಾವ ಕೆಲಸಕ್ಕೂ ಬಾರದವಳು.

ಮುಂದೆ ನೋಡುತ್ತಲೇ ಅವರು ಹೇಳಿದರು. "ಆವತ್ತು ನಾನು ಮೂರನೆಯ ಸಲ ಹತ್ತಿಸ್ತಿದ್ದೆ. ಕ್ಲಚ್ ಎಲ್ಲಿ ಹಿಡಿಯುತ್ತದೆ ಅಂತ ನನಗೆ ಗೊತ್ತಾಗಿತ್ತು. ನೀನು ಬಿಡಲಿಲ್ಲ."

ಅಷ್ಟು ಮದುವೆಮನೆಗಳು, ಅಷ್ಟು ನಗು, ಪಕ್ಕದಲ್ಲಿ ಇವರ ಆ ಮುಗುಳ್ನಗೆ, ಎಲ್ಲ ಒಟ್ಟಿಗೆ ನೆನಪಾಯಿತು. ಟ್ಯಾಂಕರಿನವನು ಹಾರ್ನ್ ಹೊಡೆದ. ಟಿಪ್ಪರ್ ಹೊಗೆ ಉಗುಳಿ ಹೊರಟಿತು.

ನಾನು ಬಾಯಿ ಮುಚ್ಚಿ ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ.

ಇವರು ಗೇರನ್ನು ತಮ್ಮ ಕಡೆಗೆ ಎಳೆದು ಮೇಲಕ್ಕೆ ಹಾಕಿದರು. ಇಂಜಿನ್ನಿನ ಸ್ವರ ಏರಿತು. ಕ್ಲಚ್ ಮೆಲ್ಲಗೆ, ಮೆಲ್ಲಗೆ ಮೇಲೆ ಬಂತು. ಕಾರಿನ ಮೂತಿ ಒಂದಿಷ್ಟು ಎದ್ದಿತು. ಇಡೀ ಮೈ ನಡುಗಿತು. ಆ ನಡುಕ ಬಂದ ಕ್ಷಣಕ್ಕೇ ಹ್ಯಾಂಡ್‌ಬ್ರೇಕ್ ಬಿಟ್ಟರು. ಒಂದು ಬೆರಳಿನಷ್ಟೂ ಹಿಂದೆ ಜಾರಲಿಲ್ಲ! ಕಾರು ಗುಡುಗುತ್ತ ಮೇಲೆ ಹೋಯಿತು. ಪೊಲೀಸನನ್ನು ದಾಟಿತು, ಸರ್ಕಲ್ ದಾಟಿತು.

"ಪೋಂಡು!" ಎಂದು ಕೂಗಿದರು ನನ್ನ ಗಂಡ, ತಮ್ಮ ಮನೆಯ ತುಳುವಿನಲ್ಲಿ. "ಹೋಯಿತು! ಪೋಂಡು ಮಾರಾಯ್ತಿ, ಪೋಂಡು!" ಅಂದವರೇ ಜೋರಾಗಿ ಹಾರ್ನ್ ಹೊಡೆದರು. ಅವರು ಹಾರ್ನ್ ಹೊಡೆದದ್ದು ನಾನು ಮೊದಲ ಸಲ ಕೇಳಿದ್ದು ಅಲ್ಲಿ. ನಾನೂ ಕೂಗಿದೆ. ಎಡಗೈಯಿಂದ ಬಾಗಿಲನ್ನು ಹೊರಗಿನಿಂದ ಡಬ್ ಡಬ್ ಎಂದು ಬಡಿದೆ.

ಮನೆಗೆ ಹೋಗಬೇಕಾದರೆ ಕದ್ರಿಯ ಕಡೆ ತಿರುಗಬೇಕಿತ್ತು. ಇವರು ಕಾರನ್ನು ಸರ್ಕಲ್ಲಿಗೆ ಸುತ್ತು ಹಾಕಿಸಿ ಬಂದ ಕಡೆಗೇ ಇಳಿಸಿದರು.

"ಎಲ್ಲಿಗೆ?"

"ಇನ್ನೊಮ್ಮೆ."

"ಮೀನು!"

"ಐಸ್ ಉಂಟು!"

ಪಂಪ್‌ವೆಲ್‌ಗೆ ಇಳಿದು, ಫ್ಲೈಓವರಿನ ಕೆಳಗೆ ತಿರುಗಿಸಿ, ಪುನಃ ಏರು ಹಿಡಿದೆವು. ಈ ಸಲ ರಸ್ತೆ ಪೂರ್ತಿ ಖಾಲಿ. ಮೇಲಿನ ಪೊಲೀಸ್ ದೂರದಿಂದಲೇ ಬನ್ನಿ ಬನ್ನಿ ಎಂದು ಕೈ ಬೀಸಿದ. ಒಂದು ಕಡೆಯೂ ನಿಲ್ಲದೆ ಮೇಲೆ ಮುಟ್ಟಿಬಿಟ್ಟೆವು. ಇವರ ಮುಖ ಸಣ್ಣದಾಯಿತು. "ಎಂಥದು ಇದು, ನಿಲ್ಲಿಸಲೇ ಇಲ್ಲ!" ಎಂದರು. ನನಗೆ ನಕ್ಕು ನಕ್ಕು ಕೈ ನೋವು ಬಂತು.

ಕದ್ರಿ ಇಳಿಯುವಾಗ ನಾನು ಹೇಳಿದೆ. "ಆ ಕಥೆ ನಾನು ಇನ್ನು ಎಲ್ಲಿಯೂ ಹೇಳುವುದಿಲ್ಲ. ಹೇಳಬಾರದಿತ್ತು."

"ನಗು ಬರುವ ಹಾಗೆಯೇ ಇತ್ತು, ಎಂತ ಮಾಡುವುದು," ಎಂದರು. ಮತ್ತೆ, "ಹೇಳುವುದಾದ್ರೆ ಇವತ್ತಿನದ್ದನ್ನೂ ಸೇರಿಸಿ ಹೇಳು," ಎಂದರು.

ಐಸ್ ಅರ್ಧ ಕರಗಿತ್ತು, ಮೀನು ಚೆನ್ನಾಗಿಯೇ ಇತ್ತು. ಮಧ್ಯಾಹ್ನ ನಾನು ಹಿತ್ತಲಿನಲ್ಲಿ ಎಡಗೈಯಲ್ಲಿ ಒದ್ದಾಡುತ್ತ ಮೀನಿನ ಹುಳಿ-ಖಾರದ ಪುಳಿಮುಂಚಿ ಮಾಡುತ್ತಿದ್ದರೆ, ಒಳಗೆ ಇವರು ನನ್ನ ಮಾವನಿಗೆ ತಾವೇ ಫೋನ್ ಹಚ್ಚಿ ಮಾತಾಡುವುದು ಕೇಳುತ್ತಿತ್ತು. ಮದುವೆಯ ಕಾಲದಿಂದ ಅವರಿಬ್ಬರ ನಡುವೆ "ಸೌಖ್ಯವಾ?" "ಸೌಖ್ಯ" ಎಂಬುದಕ್ಕಿಂತ ಹೆಚ್ಚಿನ ಮಾತೇ ಇರಲಿಲ್ಲ. ಆವತ್ತು ಅರ್ಧ ಗಂಟೆ ಕ್ಲಚ್ಚಿನ ವಿಷಯ.

ಪ್ಲಾಸ್ಟರ್ ತೆಗೆದ ಮೇಲೆ ಹೊಸ ತಾಪತ್ರಯ ಶುರುವಾಯಿತು. ಕಾರಿನ ಕೀಲಿ ನನಗೆ ಸಿಗುವುದಿಲ್ಲ! ಕೇಳಿದರೆ, "ಡಾಕ್ಟರ್ ಇನ್ನೂ ಎರಡು ವಾರ ಭಾರ ಎತ್ತಬೇಡ ಅಂದಿದ್ದಾರೆ," ಎಂದರು. ಎರಡು ವಾರ ಕಳೆದ ಮೇಲೆ, "ಸ್ಟೀರಿಂಗ್ ಗಟ್ಟಿ ಉಂಟು, ನಿನ್ನ ಕೈಗೆ ಆಗ್ಲಿಕ್ಕಿಲ್ಲ," ಎಂದರು. ಕೊನೆಗೆ ಒಂದು ಭಾನುವಾರ ಗೇಟಿನ ಬಳಿ ಜೋರು ಜಗಳವಾಗಿ, ಅವರವರ ತುಳು ಹೊರಗೆ ಬಂದು, ಹೋಗುವಾಗ ಅವರು, ಬರುವಾಗ ನಾನು ಎಂದು ಇತ್ಯರ್ಥವಾಯಿತು. ಆ ಒಪ್ಪಂದದ ಮೇಲೆಯೇ ಆವತ್ತು ಮಾವನ ಮನೆಗೆ ಹೊರಟೆವು.

ಮಾವ ಜಗಲಿಯಲ್ಲಿ ಕೂತಿದ್ದರು. ಕಾರು ಅಂಗಳಕ್ಕೆ ತಿರುಗಿದಾಗ ಕಣ್ಣು ಕಿರಿದು ಮಾಡಿ ನೋಡಿ, ಸ್ಟೀರಿಂಗಿನಲ್ಲಿ ಯಾರಿದ್ದಾರೆಂದು ತಿಳಿದ ಮೇಲೆ, ಊರುಗೋಲು ಗೋಡೆಗೆ ಒರಗಿಸಿ ಎದ್ದು ಬಂದರು. ಚಾ ಕುಡಿಯಲೂ ಬಿಡಲಿಲ್ಲ. ಮುಂದಿನ ಉದ್ದ ಸೀಟಿನಲ್ಲಿ ಮೂವರೂ ಕೂತೆವು. ಬಾಗಿಲ ಬಳಿ ಮಾವ, ಮಧ್ಯೆ ನಾನು, ಆಚೆ ಇವರು. ಸಮುದ್ರದ ಬದಿಯ ರಸ್ತೆ ನೇರವಾಗಿ, ಖಾಲಿಯಾಗಿ ಬಿದ್ದಿತ್ತು. ಇವರು ಮೂರನೆಯ ಗೇರಿನಲ್ಲಿ ಮರ್ಯಾದೆಯಿಂದ ಬಿಡುತ್ತಿದ್ದರು.

"ಹಾಕಿ, ನಾಲ್ಕನೆಯದು ಹಾಕಿ," ಎಂದರು ಮಾವ. "ಇದು ಓಡುವ ಗಾಡಿ!"

ಇವರು ನನ್ನ ಕಡೆ ತಿರುಗಿ ನೋಡಿದರು. ನಾನು ಮೊಣಕಾಲು ಸರಿಸಿ, ಸೀಟಿನ ಅಂಚನ್ನು ಹಿಡಿದುಕೊಂಡೆ. ನಾಲ್ಕನೆಯದು ಬಿತ್ತು. ಮಾವನ ಬಿಳಿ ಕೂದಲು ಗಾಳಿಗೆ ನೆಟ್ಟಗೆ ಎದ್ದು ನಿಂತಿತು.